ಕೆಳಗೆ ಕೂತವರ ಮಂಡಿನೋವು

ಪಾಳುಬಿದ್ದ ಕೋಟೆಗೆ ಒಬ್ಬನೇ ನಡೆದು ಹೋಗುವ ಗಂಡಸನ್ನು ನಮ್ಮ ಕಡೆಯ ಜನ ಸುಮ್ಮನೆ ಬಿಡುವುದಿಲ್ಲ. ನಾನು ಜನರಿಂದ ತಪ್ಪಿಸಿಕೊಳ್ಳಲೆಂದೇ ಗುಡ್ಡ ಹತ್ತುತ್ತೇನೆ. ಮೇಲೆ ಯಾರಾದರೊಬ್ಬರು ನನಗಾಗಿಯೇ ಕಾದಿದ್ದವರ ಹಾಗೆ ಸಿಗುತ್ತಾರೆ. ಸಿಕ್ಕವರು ಕೇಳುವ ಮೊದಲ ಮಾತು ಒಂದೇ: "ಒಬ್ರೇ ಬಂದಿರಾ?"

ನಾನು ಪಶು ಆಸ್ಪತ್ರೆಯಲ್ಲಿ ಆಯಸ್ಸು ಕಳೆದು ನಿವೃತ್ತನಾದವನು. ಡಾಕ್ಟರಲ್ಲ, ಇನ್ಸ್‌ಪೆಕ್ಟರು, ಆದರೆ ಆ ವ್ಯತ್ಯಾಸ ದನಗಳಿಗೂ ಗೊತ್ತಾಗುತ್ತಿರಲಿಲ್ಲ, ದನದವರಿಗೂ ಬೇಕಿರಲಿಲ್ಲ. ಜಗಳೂರು, ಚನ್ನಗಿರಿ, ನ್ಯಾಮತಿ ಎಂದು ಸುತ್ತಿ ಕೊನೆಗೆ ಹೊನ್ನಾಳಿಯಲ್ಲಿ ಮನೆ ಮಾಡಿದೆವು. ಮಾಡಿದೆವು ಅಂದರೆ ನಾನು ಮತ್ತು ನನ್ನ ಹೆಂಡತಿ. ಮಕ್ಕಳಿಲ್ಲ. ಎಲ್ಲಿಗೆ ವರ್ಗವಾದರೂ ರಜೆಯ ದಿನ ಬುತ್ತಿ ಕಟ್ಟಿಕೊಂಡು ಹತ್ತಿರದ ಕೋಟೆಗೆ ಹೋಗುವುದು ನಮ್ಮ ಚಟ. ಅವಳದು ಅರ್ಧ ಚಟ. ಹತ್ತು ಮೆಟ್ಟಿಲು ಹತ್ತಿ, "ನೀವು ಹೋಗಿ ಬನ್ನಿ, ನಾನಿಲ್ಲೇ ಕೂತಿರ್ತೀನಿ" ಎಂದು ಯಾವುದಾದರೂ ಕಲ್ಲಿನ ಮೇಲೆ ಕೂತುಬಿಡುತ್ತಿದ್ದಳು. ನಾನು ಕೊತ್ತಲಗಳನ್ನೆಲ್ಲ ಸುತ್ತಿ ಇಳಿಯುವಷ್ಟರಲ್ಲಿ ಆ ಊರಿನ ಯಾರ ಮನೆಯಲ್ಲಿ ಬಾಣಂತನ, ಯಾರ ಎಮ್ಮೆ ಯಾಕೆ ಹಾಲು ಬಿಡುತ್ತಿಲ್ಲ, ಎಲ್ಲ ಅವಳಿಗೆ ಗೊತ್ತಾಗಿರುತ್ತಿತ್ತು. ನಾನು ಕೋಟೆ ನೋಡುತ್ತಿದ್ದೆ, ಅವಳು ಊರು ನೋಡುತ್ತಿದ್ದಳು.

ಅವಳು ತೀರಿಕೊಂಡು ಎರಡು ವರ್ಷವಾಯಿತು. ನಾನು ಈಗಲೂ ಹೋಗುತ್ತೇನೆ. ಗುಡ್ಡ ಹತ್ತುವುದು ಕಷ್ಟವಲ್ಲ, "ಒಬ್ರೇ ಬಂದಿರಾ?" ಎಂಬುದಕ್ಕೆ ಉತ್ತರ ಹೇಳುವುದು ಕಷ್ಟ. ಅವಳಿಲ್ಲ ಎಂಬ ಮಾತು ನನ್ನ ಗಂಟಲಿನಿಂದ ಹೊರಡುತ್ತಿರಲಿಲ್ಲ. ಹೋದ ತಿಂಗಳವರೆಗೆ ಒಂದೇ ಒಂದು ಸಲ ಹೊರಟಿತ್ತು. ಅದರ ಫಲ ಏನಾಯಿತೆಂದು ಮೊದಲು ಹೇಳಿಬಿಡುತ್ತೇನೆ.

೧. ಹಲ್ಲೆಲ್ಲ ಸ್ವಂತದ್ದು

ಚನ್ನಗಿರಿ ಕೋಟೆಗೆ ಬೆಳಿಗ್ಗೆಯೇ ಹೋದದ್ದು ನನ್ನ ತಪ್ಪು. ಊರೊಳಗಿನ ಗುಡ್ಡ ಅದು. ಬೆಳಗಿನ ಹೊತ್ತು ಶುಗರು, ಬಿಪಿ ಇದ್ದವರೆಲ್ಲ ಮಂಕಿಟೋಪಿ ಹಾಕಿಕೊಂಡು ಅಲ್ಲೇ ವಾಕಿಂಗ್ ಮಾಡುತ್ತಾರೆ. ಅಂಥ ಆರು ಜನರ ತಂಡವೊಂದು ನನ್ನನ್ನು ಹಿಂದಿನಿಂದ ಬಂದು ಸೇರಿಕೊಂಡಿತು. ತಂಡದ ಹಿರಿಯರು ಕೇಳಿದರು, "ಒಬ್ರೇ ಬಂದಿರಾ ಸಾರ್? ಮನೆಯವ್ರು ಬರ್ಲಿಲ್ವಾ?"

ಅವಳು ಹೋಗಿ ಆಗ ನಾಲ್ಕು ತಿಂಗಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಆರೂ ಜನ ನಿಂತುಬಿಟ್ಟರು. ಶುಗರಿನವರು ನಡಿಗೆ ನಿಲ್ಲಿಸುವುದು ಸಣ್ಣ ವಿಷಯವಲ್ಲ. ನನ್ನನ್ನು ಕೋಟೆ ಗೋಡೆಯ ಮೇಲೆ ಕೂರಿಸಿದರು. ಒಬ್ಬರು ನೀರು ಕೊಟ್ಟರು. ಒಬ್ಬರು ಬೆನ್ನು ಸವರಿದರು. ಒಬ್ಬರು ತಮ್ಮ ಅಣ್ಣ ಹೆಂಡತಿ ಸತ್ತ ಮೇಲೆ ಹೇಗೆ ಊಟ ಬಿಟ್ಟು ಹೇಗೆ ಮೂರೇ ತಿಂಗಳಲ್ಲಿ ಅವಳ ಹಿಂದೆಯೇ ಹೋದ ಎಂಬುದನ್ನು ನನಗೆ ಧೈರ್ಯ ಬರಲಿ ಎಂದು ವಿವರವಾಗಿ ಹೇಳಿದರು. ಇನ್ನೊಬ್ಬರು ಅದನ್ನು ಅಲ್ಲಗಳೆದು, "ಏ, ಇವ್ರು ಗಟ್ಟಿ ಅದಾರೆ ಬಿಡ್ರಿ, ಇನ್ನೂ ಒಂದೈದಾರು ವರ್ಷ ಏನೂ ಆಗಲ್ಲ" ಅಂದರು.

ಹಿರಿಯರು ಮಾತ್ರ ಅಷ್ಟು ಹೊತ್ತೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ಸಂತೆಯಲ್ಲಿ ಎತ್ತು ನೋಡುವವರನ್ನು ನಾನು ಸಾಕಷ್ಟು ಕಂಡಿದ್ದೇನೆ, ಆ ನೋಟ ನನಗೆ ಚೆನ್ನಾಗಿ ಗೊತ್ತು. ಇಳಿಯುವಾಗ ನನ್ನನ್ನು ಪಕ್ಕಕ್ಕೆ ಕರೆದರು. "ಸಾರ್, ತಪ್ಪು ತಿಳ್ಕಾಬ್ಯಾಡ್ರಿ. ಸಂತೇಬೆನ್ನೂರಾಗೆ ನಮ್ಮ ಅತ್ತಿಗೆ ತಂಗಿ ಒಬ್ರು ಅದಾರೆ. ಐವತ್ತು ದಾಟಿಲ್ಲ. ಒಳ್ಳೆ ಮನುಷ್ಯಳು." ಸ್ವಲ್ಪ ಯೋಚಿಸಿ, ನನ್ನ ಬಾಯಿಯ ಕಡೆ ನೋಡಿ, ಅನುಮಾನ ಬೇಡವೆಂದು ಸೇರಿಸಿದರು: "ಹಲ್ಲೆಲ್ಲ ಸ್ವಂತದ್ದೇ ಐತೆ. ನಿಮ್ದು?"

೨. ಸಾಹೇಬರ ಎಕ್ಕದೆಲೆ

ಆಮೇಲೆ ನಾನು ನಿಜ ಹೇಳುವುದನ್ನು ಬಿಟ್ಟೆ.

ಬಸವಾಪಟ್ಟಣದ ಕೋಟೆಗೆ ಹೋದ ದಿನ ಮೇಲೆ ಯಾರೂ ಇಲ್ಲವೆಂದು ಖುಷಿಯಾಗಿ ಬುತ್ತಿ ಬಿಚ್ಚಿದೆ. ಕುಸಿದ ಬತೇರಿಯ ಹಿಂದಿನಿಂದ ಒಬ್ಬ ಸಾಹೇಬರು ಎದ್ದು ಬಂದರು. ಕೆಳಗೆ ಸೈಕಲ್ ಶಾಪ್ ಇಟ್ಟವರು. ಅಂಗಡಿಗೆ ಮಂಗಳವಾರ ರಜೆ, ರಜೆಯ ದಿನ ಗಾಳಿಗೆ ಮೈಯೊಡ್ಡಿ ಅಲ್ಲಿ ಮಲಗುವುದು ಅವರ ರೂಢಿ. "ಒಬ್ರೇ ಬಂದಿರೇನ್ರಿ?"

"ಇಲ್ಲ, ಮನೆಯವರು ಕೆಳಗೆ ಕೂತಿದ್ದಾರೆ. ಮಂಡಿನೋವು" ಅಂದೆ.

ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಬರದೇ ಏನು? ಮೂವತ್ತು ವರ್ಷ ಅವಳು ಕೆಳಗೇ ಕೂತಿದ್ದಳು. ನಾನು ಹೇಳಿದ್ದು ಹಳೆಯ ನಿಜ ಅಷ್ಟೇ.

ಸಾಹೇಬರ ಮುಖ ಅರಳಿತು. ಮಂಡಿನೋವು ಅವರ ಇಷ್ಟದ ವಿಷಯವೆಂದು ನನಗೇನು ಗೊತ್ತು? "ನಮ್ಮ ಅಮ್ಮಂಗೆ ಎಂಟು ವರ್ಷ ಇತ್ರಿ. ಎಕ್ಕದೆಲೆ! ಎಣ್ಣೆ ಸವರಿ, ಹಂಚಿನ ಮ್ಯಾಲೆ ಬೆಚ್ಚಗೆ ಮಾಡಿ, ಮಲಗೋ ಮುಂಚೆ ಕಟ್ಟಬೇಕು. ಬಿಗಿಯಾಗಿ ಅಲ್ಲ, ಸಡಿಲಾಗೂ ಅಲ್ಲ, ಸೈಕಲ್ ಚೈನ್ ಹೆಂಗಿರ್ತೈತೆ ಹಂಗೆ." ಹೇಳಿ ಸುಮ್ಮನಾಗಲಿಲ್ಲ. ಇಳಿಜಾರಿನಲ್ಲಿದ್ದ ಎಕ್ಕದ ಗಿಡಗಳನ್ನೆಲ್ಲ ಬೋಳಿಸಿ ನನ್ನ ಟವಲಿಗೆ ಗಂಟು ಕಟ್ಟಿಕೊಟ್ಟರು. ದನದ ಆಸ್ಪತ್ರೆಯಲ್ಲಿದ್ದವನೆಂದು ಕೇಳಿ ತಿಳಿದು ನನ್ನ ನಂಬರು ತಗೊಂಡರು.

ಮುಂದಿನ ಮಂಗಳವಾರ ಸಂಜೆ ಫೋನು. "ಡಾಕ್ಟ್ರೇ, ಅಮ್ಮಾರ ಮಂಡಿ ಹೆಂಗೈತೆ?"

"ಸ್ವಲ್ಪ ಪರವಾಗಿಲ್ಲ" ಅಂದೆ. ಅಷ್ಟು ಎಲೆ ಕಿತ್ತುಕೊಟ್ಟ ಮನುಷ್ಯನಿಗೆ ಇನ್ನೇನು ಹೇಳಲಿ?

ಅಲ್ಲಿಂದ ಪ್ರತಿ ಮಂಗಳವಾರವೂ ಫೋನು. ಎರಡನೇ ವಾರ ಊತ ಇಳಿಯಿತು. ನಾಲ್ಕನೇ ವಾರ ಮೆಟ್ಟಿಲು ಹತ್ತಿದಳು. ಆರನೇ ವಾರ ನೆಲದ ಮೇಲೆ ಕೂತು ಎದ್ದಳು. ಅಷ್ಟು ಬೇಗ ಯಾವ ದನವನ್ನೂ ನಾನು ಗುಣ ಮಾಡಿರಲಿಲ್ಲ. ಸುಳ್ಳೇ ಇರಬಹುದು, ಆದರೆ ಅವಳು ಹೇಗಿದ್ದಾಳೆಂದು ನನ್ನನ್ನು ಕೇಳುವ ಫೋನು ಇಡೀ ವಾರಕ್ಕೆ ಅದೊಂದೇ. ಮಂಗಳವಾರ ನಾಲ್ಕು ಗಂಟೆಗೇ ಫೋನನ್ನು ಚಾರ್ಜಿಗೆ ಹಾಕಿ ಎದುರಿಗೆ ಕೂರುತ್ತಿದ್ದೆ.

ಏಳನೇ ವಾರ ಸಾಹೇಬರು ಉತ್ಸಾಹದಿಂದ ಹೇಳಿದರು, "ಪೂರಾ ವಾಸಿ ಆತಲ್ರಿ! ಬರೋ ವಾರ ಅಮ್ಮಾರನ್ನ ಕರ್ಕಂಡು ಬರ್ರಿ. ನಾನೇ ಜತೆಗೆ ಮ್ಯಾಲಕ್ಕೆ ಹತ್ತಿಸ್ತೀನಿ."

ಗಾಬರಿಯಾಯಿತು. ವಾಸಿಯಾದ ಮಂಡಿಯನ್ನು ಕೆಡಿಸುವುದು ಹೇಗೆ? ಆ ಭಾನುವಾರ ನಾನೇ ಫೋನು ಮಾಡಿ ಹೆಂಡತಿಯನ್ನು ಬಚ್ಚಲಲ್ಲಿ ಬೀಳಿಸಿದೆ. ಸಾಹೇಬರು ಅದಕ್ಕೂ ನನಗೇ ಬೈದರು: "ಬಚ್ಚಲಾಗೆ ಪಾಚಿ ಕಟ್ಟಾಕೆ ಬಿಟ್ಟಿದ್ದು ಯಾರ್ರಿ? ಮೊದ್ಲು ಅದನ್ನ ಉಜ್ಜಿರಿ." ಫೋನಿಟ್ಟು ಹೋಗಿ ನೋಡಿದೆ. ನಿಜವಾಗಿಯೂ ಪಾಚಿ ಕಟ್ಟಿತ್ತು. ಉಜ್ಜಿದೆ.

೩. ಸೂಪಿಗೆಂದು ಬಂದವನು

ಜಗಳೂರಿನ ಕಡೆ ಪಾಳೇಗಾರರ ಕಾಲದ ಒಂದು ಗುಡ್ಡವಿದೆ. ಬಸ್ಸಿಳಿದು ಮೂರು ಮೈಲಿ ನಡೆಯಬೇಕು, ದಾರಿಯುದ್ದಕ್ಕೂ ಕಾರೆಮುಳ್ಳು. ಅಲ್ಲಿಗೆ ಯಾರು ಬರುತ್ತಾರೆ ಎಂದುಕೊಂಡೆ. ಹೆಬ್ಬಾಗಿಲಿನ ನೆರಳಲ್ಲಿ ಐವತ್ತು ಕುರಿ ಮಲಗಿದ್ದವು. ಕುರಿಗಳ ನಡುವಿನಿಂದ ಒಬ್ಬ ಹೆಂಗಸು ಎದ್ದು, "ಅಯ್ಯೋ, ಇದು ನಮ್ಮ ದನದ ಡಾಕ್ಟ್ರಲ್ವಾ!" ಎಂದು ಕೂಗಿದಳು.

ಇಪ್ಪತ್ತು ವರ್ಷದ ಹಿಂದೆ ನಾನು ಜಗಳೂರಿನಲ್ಲಿದ್ದಾಗ ಅವಳ ಕುರಿಗಳಿಗೆ ಸೂಜಿ ಹಾಕಿದ್ದೆನಂತೆ. ನನಗೆ ನೆನಪಿಲ್ಲ. ಆದರೆ ಅವಳಿಗೆ ನನಗಿಂತ ಚೆನ್ನಾಗಿ ನೆನಪಿದ್ದದ್ದು ನನ್ನ ಹೆಂಡತಿ. "ಅಕ್ಕಾರು ನಂಗೆ ಒಂದು ನೀಲಿ ಸೀರೆ ಕೊಟ್ಟಿದ್ರು. ಎಲ್ಲಿ ಅಕ್ಕಾರು?"

ಈಕೆಗೆ ನಿಜ ಹೇಳಬೇಕಿತ್ತು. ಆ ನೀಲಿ ಸೀರೆಯನ್ನು ತಂದುಕೊಟ್ಟವನು ನಾನೇ. ಬಾಯಿ ತೆರೆದೆ. "ರಸ್ತೇಲಿ ಕೂತಿದ್ದಾಳೆ, ಮಂಡಿನೋವು" ಎಂಬುದೇ ಬಂತು.

ಆಕೆ ಮೊದಲು ಐವತ್ತು ಕುರಿಗಳ ಬಾಯಿ, ಗೊರಸು, ಹೊಟ್ಟೆಗಳನ್ನು ನನ್ನಿಂದ ನೋಡಿಸಿಕೊಂಡಳು. ಕೋಟೆ ನೋಡಲು ಹೋದವನು ಕುರಿ ಬಾಲ ಎತ್ತಿ ಎತ್ತಿ ನೋಡುವುದರಲ್ಲೇ ಮಧ್ಯಾಹ್ನ ಕಳೆದೆ. ಇಳಿಯುವಾಗ ಜೊತೆಗೇ ಬಂದಳು. "ಅಕ್ಕಾರನ್ನ ನೋಡ್ಬೇಕು" ಅಂದಳು. ಆಗ ನನ್ನ ಎದೆ ಹೊಡೆದುಕೊಂಡ ರೀತಿ ಯಾವ ಗುಡ್ಡ ಹತ್ತುವಾಗಲೂ ಹೊಡೆದುಕೊಂಡಿಲ್ಲ. ದೇವರ ದಯೆ, ಅವಳ ಒಂದು ಟಗರು ಯಾರದೋ ಜೋಳದ ಹೊಲಕ್ಕೆ ನುಗ್ಗಿತು. ಓಡಿಹೋಗುವ ಮೊದಲು ದಾರಿಬದಿಯ ತನ್ನ ಗುಡಿಸಲಿನಿಂದ ಒಂದು ಜವಾರಿ ಹುಂಜವನ್ನು ಕಾಲು ಕಟ್ಟಿ ನನ್ನ ಕೈಗೆ ತುರುಕಿದಳು. "ಅಕ್ಕಾರಿಗೆ ಸೂಪು ಮಾಡಿಕೊಡ್ರಿ. ಮಂಡಿ ಹೆಂಗೆ ಎದ್ದು ನಿಲ್ತೈತೆ ನೋಡ್ರಿ!"

ನಾನು ಮಾಂಸ ತಿನ್ನುವುದಿಲ್ಲ. ನನ್ನ ಹೆಂಡತಿಯೂ ತಿನ್ನುತ್ತಿರಲಿಲ್ಲ. ಬಸ್ಸಿನಲ್ಲಿ ಪೂರ್ತಿ ದಾರಿ ಆ ಹುಂಜ ನನ್ನ ತೊಡೆಯ ಮೇಲೆ ಕೂತು ಕಿಟಕಿಯಾಚೆ ನೋಡಿದ. ಈಗ ಹಿತ್ತಲಲ್ಲಿದ್ದಾನೆ. ಟಿವಿ ಬಿಟ್ಟರೆ ನನ್ನ ಮನೆಯಲ್ಲಿ ಮಾತಾಡುವವನು ಅವನೊಬ್ಬನೇ. ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಾನೆ, ಎದ್ದು ಮಾಡುವುದಕ್ಕೆ ಏನೂ ಇಲ್ಲವೆಂದು ಎಷ್ಟು ಹೇಳಿದರೂ ಕೇಳುವುದಿಲ್ಲ.

೪. ಯಾರೂ ಕೇಳದ ದಿನ

ಇದು ಸಣ್ಣದು. ಉಬ್ರಾಣಿಯ ಕಡೆ ಒಂದು ದಿಬ್ಬವಿದೆ. ಅದನ್ನು ಕೋಟೆ ಎನ್ನಲು ಧೈರ್ಯ ಬೇಕು, ಮೊಣಕಾಲೆತ್ತರದ ಗೋಡೆ ಉಳಿದಿದೆ. ಎರಡು ತಾಸು ಕೂತೆ. ಯಾರೂ ಬರಲಿಲ್ಲ. ಯಾರೂ ಕೇಳಲಿಲ್ಲ. ಇದಕ್ಕಾಗಿಯೇ ತಾನೇ ನಾನು ಇಷ್ಟು ದಿನ ಅಲೆದದ್ದು? ಬುತ್ತಿ ಬಿಚ್ಚಿದೆ, ಸೇರಲಿಲ್ಲ. ಬೇಸರವಾಯಿತು. ಇಳಿಯುವ ದಾರಿಯಲ್ಲಿ ಒಂದು ಎತ್ತು ಎದುರಾಯಿತು. ನೋಡಿದೆ. ಹಿಂದೆ ಮುಂದೆ ಯಾರೂ ಇಲ್ಲ. "ಒಬ್ನೇ ಬಂದ್ಯೇನಪ್ಪ?" ಎಂದು ಕೇಳಿದೆ.

ಎತ್ತು ನನ್ನನ್ನು ಒಮ್ಮೆ ನೋಡಿ ದಾರಿ ಬಿಟ್ಟು ಪೊದೆಯೊಳಗೆ ಹೋಯಿತು. ಅದಕ್ಕೂ ಆ ಪ್ರಶ್ನೆ ಸೇರದೆಂದು ಕಾಣುತ್ತದೆ.

೫. ಹೊರಬೀಡು

ಹೋದ ತಿಂಗಳ ಮಾತು. ನ್ಯಾಮತಿಯಿಂದ ಸ್ವಲ್ಪ ದೂರದಲ್ಲಿ ತಗ್ಗಾದ ಒಂದು ಗುಡ್ಡ, ಅದರ ತಲೆಯ ಮೇಲೆ ಒಡಕು ಕೋಟೆ. ನಾನು ಹಿಂಬದಿಯ ಕಾಲುದಾರಿಯಲ್ಲಿ ಹತ್ತಿ ದಿಡ್ಡಿ ಬಾಗಿಲಿನಿಂದ ತಲೆ ಹಾಕಿದರೆ ಕೋಟೆಯೊಳಗೆ ಒಂದು ಇಡೀ ಊರು ಅಡುಗೆ ಮಾಡುತ್ತಿದೆ!

ಅವತ್ತು ಆ ಊರಿನ ಹೊರಬೀಡು. ಆ ದಿನ ಮನೆಗಳಲ್ಲಿ ಯಾರೂ ಇರುವಂತಿಲ್ಲ. ಬೀಗ ಹಾಕಿ, ಊರಬಾಗಿಲಿಗೆ ಮುಳ್ಳುಕಂಟಿ ಎಳೆದು, ಮುದುಕರು, ಕೂಸುಗಳು, ದನ, ನಾಯಿ ಸಮೇತ ಹೊರಗೆ ಬಂದು, ಉಂಡು, ಹೊತ್ತು ಇಳಿದ ಮೇಲೆ ಒಳಗೆ ಹೋಗಬೇಕು. ಬೇರೆಯವರು ಹೊಲಕ್ಕೋ ತೋಪಿಗೋ ಹೋದರೆ ಈ ಊರಿನವರು ಕೋಟೆಗೇ ಬರುತ್ತಾರೆ. ಅವರ ಹಿರಿಯರು ಮೊದಲು ಇದ್ದದ್ದು ಅಲ್ಲಿಯಂತೆ. ಬಿದ್ದ ಗೋಡೆಗಳ ನಡುವೆ ಒಂದೊಂದು ಮನೆಯವರದು ಒಂದೊಂದು ಒಲೆ. ಖಾಲಿ ಕೋಟೆಗಳನ್ನೇ ನೋಡಿದ್ದ ನನಗೆ ಹೋಳಿಗೆಯ ವಾಸನೆ ಬರುವ ಕೋಟೆ ಅದೇ ಮೊದಲು.

ಹಿಂದಕ್ಕೆ ಸರಿಯುವಷ್ಟರಲ್ಲಿ ಒಬ್ಬ ಅಜ್ಜಿ ಕಂಡುಬಿಟ್ಟಳು. ಹಲ್ಲಿಲ್ಲ, ಊರಿಗೆ ಊರೇ ಅವಳ ಮಾತು ಕೇಳುತ್ತದೆ. "ಯಾರಪ್ಪ ನೀನು? ಒಬ್ನೇ ಬಂದಿಯಾ?"

"ಇಲ್ಲಜ್ಜಿ, ಮನೆಯವರು ಕೆಳಗೆ ಕೂತಿದ್ದಾರೆ. ಮಂಡಿನೋವು."

"ಏನಂದೆ?" ಅಜ್ಜಿ ಸೌಟು ಕೆಳಗಿಟ್ಟಳು. "ಹೊರಬೀಡಿನ ದಿನ ಹೆಣ್ಮಗಳು ಒಬ್ಳೇ ಹಸ್ಕಂಡು ಗುಡ್ಡದ ಬುಡಕ್ಕೆ ಕೂತಿರಾದಾ? ನಾವಿಲ್ಲಿ ಹೋಳಿಗೆ ತಿನ್ನಾದಾ? ಏಯ್, ಎದ್ದೇಳ್ರೋ!"

ನಾಲ್ಕು ಜನ ಗಂಡಸರು ಎದ್ದರು. ಒಂದು ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಗಳ ಕಟ್ಟಿದರು. ಬೇಡ ಎಂದೆ. ಅವಳಿಗೆ ನಾಚಿಕೆ ಎಂದೆ. ಅವಳು ಬಹಳ ಭಾರ ಎಂದೂ ಹೇಳಿದೆ, ಪಾಪ, ಸಣ್ಣಗಿದ್ದಳು. "ನಿಮ್ಮಾಕೆ ಏನು ಅಡಿಕೆ ಮೂಟೆಗಿಂತ ಭಾರನಾ? ಕೂಡ್ರಿ ಸುಮ್ನೆ" ಎಂದು ಹೊರಟೇ ಹೋದರು.

ಅಜ್ಜಿ ನನ್ನನ್ನು ತನ್ನ ಒಲೆಯ ಪಕ್ಕ ಕೂರಿಸಿಕೊಂಡಳು. ಅವರು ಕೆಳಗೆ ಹೋಗುತ್ತಾರೆ, ಯಾರೂ ಇರುವುದಿಲ್ಲ. ಬಂದು ಎಲ್ಲರೆದುರು ಕೇಳುತ್ತಾರೆ. ಆಗ ನಾನು ಒಂದೇ ಉಸಿರಿಗೆ ಎರಡು ಮಾತು ಹೇಳಬೇಕು: ಸುಳ್ಳು ಹೇಳಿದೆ ಎಂದು, ಅವಳು ಸತ್ತಳೆಂದು. ಯಾವುದನ್ನು ಮೊದಲು ಹೇಳುವುದು? ದಿಡ್ಡಿ ಬಾಗಿಲಿನ ಕಡೆ ನೋಡಿದೆ. ಅದಕ್ಕೆ ಅಡ್ಡವಾಗಿ ಒಂದು ಎಮ್ಮೆ ಕಟ್ಟಿದ್ದರು.

ಅರ್ಧ ತಾಸಿಗೆ ಕೆಳಗಿನಿಂದ ಕೇಕೆ ಕೇಳಿಸಿತು. "ಬಂದ್ರು, ಅಮ್ಮಾರು ಬಂದ್ರು!" ನಾಲ್ಕು ಜನರ ಹೆಗಲ ಮೇಲೆ ಕುರ್ಚಿ ಓಲಾಡುತ್ತ ಬರುತ್ತಿತ್ತು. ಕುರ್ಚಿಯಲ್ಲಿ ನಿಜವಾಗಿಯೂ ಒಬ್ಬ ಹೆಂಗಸು! ಅರವತ್ತರ ಆಸುಪಾಸು, ಕನ್ನಡಕ, ವ್ಯಾನಿಟಿ ಬ್ಯಾಗನ್ನು ಎದೆಗವಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು.

ಕೆಳಗೆ ನಡೆದದ್ದು ನನಗೆ ಗೊತ್ತಾದದ್ದು ಆಮೇಲೆ. ಆಕೆ ನ್ಯಾಮತಿಯ ನಿವೃತ್ತ ನರ್ಸಮ್ಮ. ಕೋಟೆ ನೋಡಲು ಒಬ್ಬರೇ ಬಂದು, ಹತ್ತು ಹೆಜ್ಜೆ ಹತ್ತಿ, ಮಂಡಿ ಕೈಕೊಟ್ಟು ಕಲ್ಲಿನ ಮೇಲೆ ಕೂತಿದ್ದರು. ಗಂಡ ಹೋಗಿ ಆರು ವರ್ಷ. ಹೆಂಗಸು ಒಬ್ಬಳೇ ಬಂದಿದ್ದೇನೆ ಎಂದರೆ ನೂರು ಪ್ರಶ್ನೆ ಬರುತ್ತವೆಂದು ಆಕೆಯೂ ಒಂದು ಉತ್ತರ ಇಟ್ಟುಕೊಂಡಿದ್ದರು. ಕುರ್ಚಿಯವರು ಕೇಳಿದಾಗ ಅದನ್ನೇ ಹೇಳಿದರು: "ನಮ್ಮೆಜಮಾನ್ರು ಕೋಟೆ ನೋಡಾಕೆ ಹೋಗಿದ್ದಾರೆ, ಈಗ ಬರ್ತಾರೆ." ಕುರ್ಚಿಯವರಿಗೆ ಇನ್ನೇನು ಬೇಕು? ಎತ್ತಿಕೊಂಡರು. ಆಮೇಲೆ ಆಕೆ ಎಷ್ಟು ಕೂಗಿದರೂ ನಾಚಿಕೆ ಎಂದೇ ತಿಳಿದರು. ನಾಚಿಕೆಯ ವಿಷಯ ನಾನೇ ಮೊದಲೇ ಹೇಳಿ ಕಳಿಸಿದ್ದೆನಲ್ಲ!

ಕುರ್ಚಿಯನ್ನು ನನ್ನ ಎದುರಿಗೇ ಇಳಿಸಿದರು. ಇಡೀ ಊರು ಸುತ್ತ ನಿಂತಿತು. ಅಜ್ಜಿ ಕೇಳಿದಳು, "ಇವ್ನೇ ಏನವ್ವ ನಿನ್ ಗಂಡ?"

ಆಕೆ ನನ್ನನ್ನು ನೋಡಿದರು. ನಾನು ಆಕೆಯನ್ನು ನೋಡಿದೆ. ಬಾಯಿಯೊಳಗಿನ ಥರ್ಮಾಮೀಟರು ಓದಿ ನೋಡುವಷ್ಟು ಹೊತ್ತು ಆಕೆ ನನ್ನ ಮುಖ ಓದಿದರು. ನನ್ನ ಹಣೆ ಬೆವರುತ್ತಿತ್ತು. ಇವರು ಇಲ್ಲ ಎಂದರೆ ಇಬ್ಬರ ಸುಳ್ಳೂ ಹೊರಬೀಳುತ್ತದೆ, ಹೌದು ಎಂದರೆ ಇನ್ನೊಂದು ಅಪಾಯ. ಆಕೆ ಹೌದು ಎನ್ನಲಿಲ್ಲ, ಇಲ್ಲವೂ ಎನ್ನಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ನನಗೆ ಗದರಿದರು: "ಎಷ್ಟೊತ್ತು ರೀ ಒಂದು ಕೋಟೆ ನೋಡಾಕೆ?"

ಊರಿಗೆ ಯಾವ ಅನುಮಾನವೂ ಉಳಿಯಲಿಲ್ಲ. "ಹೆಂಡ್ತಿನೇ, ಹೆಂಡ್ತಿನೇ!" ಎಂದು ಅಜ್ಜಿ ಎರಡೂ ಕೈ ತಟ್ಟಿದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಕಣ್ಣು ತುಂಬಿ ಬಂತು. ತಡವಾಯಿತೆಂದು ನನ್ನನ್ನು ಯಾರೂ ಬೈಯದೆ ಎರಡು ವರ್ಷವಾಗಿತ್ತು.

ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಎಲೆ ಹಾಕಿದರು. ಅಜ್ಜಿ ಹಾಲು ತರಲು ತಿರುಗಿದಾಗ ನರ್ಸಮ್ಮ ಹೋಳಿಗೆ ಮುರಿಯುತ್ತ ಮೆಲ್ಲಗೆ ಕೇಳಿದರು, "ನಿಮ್ಮವರು ಎಲ್ಲಿ?"

"ಇಲ್ಲ. ಎರಡು ವರ್ಷ ಆಯ್ತು" ಅಂದೆ. ಹೊರಟೇಬಿಟ್ಟಿತು ಆ ಮಾತು. ಆಕೆ ಅಯ್ಯೋ ಎನ್ನಲಿಲ್ಲ, ಬೆನ್ನು ಸವರಲಿಲ್ಲ. "ಹೂಂ. ಸಾರು ಹಾಕಿಸ್ಕಳಿ, ಅಜ್ಜಿ ನೋಡ್ತಾ ಐತೆ" ಅಂದರು.

"ಮನೇಲಿ ಯಾರಿದ್ದಾರೆ?"

"ಒಂದು ಹುಂಜ."

ಆಕೆಗೆ ನಗು ಬಂದು ಸಾರು ನೆತ್ತಿಗೇರಿತು. ಅಜ್ಜಿ ಓಡಿ ಬಂದು, "ತಟ್ಟೋ, ಹೆಂಡ್ತಿ ತಲೆ ತಟ್ಟೋ!" ಎಂದು ನನಗೆ ಕೂಗಿದಳು. ಕೊಟ್ಟಿಗೆಯಲ್ಲಿ ಕರುವಿಗೆ ತಟ್ಟಿ ಗೊತ್ತಿತ್ತು, ಹಾಗೇ ತಟ್ಟಿದೆ. "ಮೆಲ್ಲಗೆ ರೀ" ಎಂದು ಎರಡನೇ ಸಲ ಬೈಸಿಕೊಂಡೆ.

ಸಂಜೆ ಊರವರು ಅದೇ ಕುರ್ಚಿಯಲ್ಲಿ ಆಕೆಯನ್ನು ಇಳಿಸಿ, ಹೊನ್ನಾಳಿ ಬಸ್ಸಿಗೆ ಇಬ್ಬರನ್ನೂ ಹತ್ತಿಸಿ, ಬಸ್ಸು ಮರೆಯಾಗುವವರೆಗೂ ಕೈ ಬೀಸಿದರು. ಹತ್ತಿಸುವಾಗ ಅಜ್ಜಿ ನನಗೆ, "ಇನ್ನು ಇವ್ಳನ್ನ ಕೆಳಗೆ ಬಿಟ್ಟು ಹತ್ತಿದ್ರೆ ಕಾಲು ಮುರೀತೀನಿ" ಎಂದು ಆಶೀರ್ವಾದ ಮಾಡಿದಳು. ಇಬ್ಬರು ಕೂರುವ ಒಂದೇ ಸೀಟು ಖಾಲಿ ಇತ್ತು. ನಡುವೆ ಬ್ಯಾಗಿಟ್ಟುಕೊಂಡು ಕೂತೆವು.

ಫೋನು ರಿಂಗಾಯಿತು. ಅವತ್ತು ಮಂಗಳವಾರ. "ಡಾಕ್ಟ್ರೇ, ಅಮ್ಮಾರ ಮಂಡಿ ಹೆಂಗೈತೆ?"

ಮಧ್ಯಾಹ್ನ ಒಮ್ಮೆ ಹೇಳಿದ ಮಾತು, ಎರಡನೇ ಸಲಕ್ಕೆ ಅಷ್ಟು ಭಾರವಿರಲಿಲ್ಲ. "ಸಾಹೇಬ್ರೇ, ಕ್ಷಮಿಸಿ. ಅವಳಿಲ್ಲ. ನಿಮ್ಮನ್ನು ನೋಡೋ ಮೊದಲೇ ಹೋಗಿದ್ದಳು. ಇಷ್ಟು ದಿನ ಸುಳ್ಳು ಹೇಳಿದೆ."

ಸಾಹೇಬರು ಹೇಳಿದರು, "ಗೊತ್ತೈತ್ರಿ. ಅವತ್ತು ನಾನು ನಿಮ್ಮ ಹಿಂದೇನೇ ಇಳಿದೆ, ಅಮ್ಮಾರಿಗೆ ಎಲೆ ಕಟ್ಟಾದು ತೋರ್ಸಾನ ಅಂತ. ನೀವು ಒಬ್ರೇ ಬಸ್ ಹತ್ತಿದ್ರಿ, ಎಲೆ ಗಂಟು ತೊಡೆ ಮ್ಯಾಲೆ ಇಟ್ಕಂಡು."

"ಮತ್ತೆ ವಾರ ವಾರ ಯಾಕೆ ಕೇಳ್ತಿದ್ರಿ?"

"ನೀವು ಹೇಳಾದು ನಿಲ್ಸಿರ್ಲಿಲ್ವಲ್ರಿ."

ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ನರ್ಸಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನ್ನ ಕೈಯಿಂದ ಫೋನು ತಗೊಂಡರು. "ಹಲೋ, ನಾನು ಬೇರೆಯವಳು. ಆದ್ರೆ ನಂಗೆ ಮಂಡಿನೋವು ನಿಜವಾಗ್ಲೂ ಐತೆ. ಅದೇನೋ ಎಲೆ ಅಂದ್ರಲ್ಲ, ಹೇಳಿ."

ಸಾಹೇಬರು ಎಂದೂ ಇಷ್ಟು ಸಂತೋಷಪಟ್ಟಿರಲಾರರು. ನ್ಯಾಮತಿ ಬರುವವರೆಗೂ ಫೋನು ನನಗೆ ವಾಪಸು ಸಿಗಲಿಲ್ಲ. ಯಾವ ಎಣ್ಣೆ, ಎಷ್ಟು ಬಿಸಿ, ಸೈಕಲ್ ಚೈನಿನಷ್ಟು ಬಿಗಿ ಎಂದರೆ ಎಷ್ಟು, ಎಲ್ಲ ಕೇಳಿಕೊಂಡು, ತಮ್ಮ ನಂಬರು ಅವರಿಗೆ ಕೊಟ್ಟು, ಬಿಸಿಯಾದ ಫೋನನ್ನು ನನ್ನ ಕೈಗಿಟ್ಟು, ಸೀಟಿನ ಕಂಬಿ ಹಿಡಿದು ನಿಧಾನವಾಗಿ ಇಳಿದರು. ಹೊನ್ನಾಳಿಯವರೆಗೆ ನಾನೊಬ್ಬನೇ.

ಆ ಮುಂದಿನ ಮಂಗಳವಾರ ನಾಲ್ಕು ಗಂಟೆಗೆ ಫೋನು ಚಾರ್ಜಿಗೆ ಹಾಕಿ ಕೂತೆ. ಐದಾಯಿತು, ಆರಾಯಿತು. ಬರಲಿಲ್ಲ. ಯಾಕೆ ಬರುತ್ತದೆ? ಸಾಹೇಬರಿಗೆ ಈಗ ನಿಜವಾದ ಮಂಡಿ ಸಿಕ್ಕಿದೆ, ಫೋನು ನೇರವಾಗಿ ನ್ಯಾಮತಿಗೇ ಹೋಗುತ್ತದೆ. ಏಳು ಗಂಟೆಯವರೆಗೆ ತಡೆದುಕೊಂಡೆ. ಆಮೇಲೆ ನಾನೇ ಬಸವಾಪಟ್ಟಣಕ್ಕೆ ಫೋನು ಮಾಡಿದೆ.

"ಸಾಹೇಬ್ರೇ," ಅಂದೆ, "ನರ್ಸಮ್ಮನ ಮಂಡಿ ಹೆಂಗೈತಂತೆ?"